ಹಾಯಿದೋಣಿಯ ನಡುಹಲಗೆ

ಪಾಂಡವಪುರದಲ್ಲಿ ರಸ್ತೆಗೆ ಡಾಂಬರು ಹಾಕುವಾಗಲೆಲ್ಲ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಪಾಠ ಅರ್ಧಕ್ಕೆ ಬಿಟ್ಟು ಕಿಟಕಿಯ ಬಳಿ ಹೋಗಿ ನಿಲ್ಲುತ್ತೇನೆ; ಮಕ್ಕಳು ಒಬ್ಬರನ್ನೊಬ್ಬರು ತಿವಿದು ನಗುತ್ತಾರೆ. ಆ ಘಾಟಿನ ಜೊತೆಗೆ ಹಿನ್ನೀರಿನ ಕೆಸರು, ಒದ್ದೆ ಹಗ್ಗ, ಬಿಸಿಲಿಗೆ ಹರವಿದ ಹಾಯಿಬಟ್ಟೆ ಎಲ್ಲ ಒಟ್ಟಿಗೆ ಮೂಗಿಗೆ ನುಗ್ಗುತ್ತವೆ. ನಮ್ಮೂರು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಅಂಚಿಗೆ. ಬೇಸಿಗೆ ಬಂದರೆ ದೊಡ್ಡಪ್ಪ ದೋಣಿಯನ್ನು ದಡದಲ್ಲಿ ಬೋರಲು ಹಾಕಿ ಹಲಗೆಗಳ ಸಂದಿಗೆ ಡಾಂಬರು ಮೆತ್ತುತ್ತಿದ್ದ. ಬೇಸಾಯದ ಮನೆಗೆ ಹಾಯಿದೋಣಿ ಯಾಕೆ ಎಂದು ನೀವು ಕೇಳಬಹುದು; ಊರೂ ಕೇಳಿತ್ತು. “ಉಳೋನ್ಗೆ ನೇಗ್ಲು ಬೇಕು, ದೋಣಿ ಯಾಕ್ಲಾ?” ಎಂದು ಅರಳಿಕಟ್ಟೆಯವರು ಚುಡಾಯಿಸುತ್ತಿದ್ದರು. ಹಿನ್ನೀರಿನಲ್ಲಿ ಹಾಯಿ ಬಿಡಲು ಬರುತ್ತಿದ್ದ ಮೈಸೂರಿನ ಮುದುಕರೊಬ್ಬರು, ಕೈಕಾಲು ಸೋತ ಮೇಲೆ, ಅದನ್ನು ನಮ್ಮ ದೊಡ್ಡಪ್ಪನಿಗೇ ಕೊಟ್ಟು ಹೋಗಿದ್ದರು.

ದೋಣಿಯ ಹೊಟ್ಟೆಯ ಸುತ್ತ ಒಂದು ಬಿಳಿ ಗೆರೆಯಿತ್ತು. ನೀರು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಎಲ್ಲ ಕಡೆಯೂ ಆ ಗೆರೆಯನ್ನೇ ಮುಟ್ಟಬೇಕು. ಅದೇ ದೊಡ್ಡಪ್ಪನ ಹುಚ್ಚು. ಅವನು ಅದನ್ನು ಕಲಿತದ್ದು ಎತ್ತಿನ ಗಾಡಿ ಹೇರಿ, ನೊಗಕ್ಕೆ ಚಾಚಿದ ಮೂಕಿಮರದ ಏರಿಳಿತ ನೋಡಿ. “ಮೂಕಿಭಾರ ಆದ್ರೆ ಎತ್ತಿನ ಕತ್ತು ಮುರೀತದೆ. ಇಂಭಾರ ಆದ್ರೆ ಮೂಕಿ ಮ್ಯಾಕೆದ್ದು ಕತ್ತಿಗೆ ಉರುಳಾಯ್ತದೆ. ದೋಣಿನೂವೆ ಅಂಗೇಯ ಕಣಮ್ಮಿ” ಅನ್ನುತ್ತಿದ್ದ. ಮುಂದೆ ಭಾರವಾದರೆ ದೋಣಿ ಮೂತಿ ತಗ್ಗಿಸಿ ನೀರನ್ನು ಉಳುತ್ತಾ ಹೋಗುತ್ತಿತ್ತು. ಹಿಂದೆ ಭಾರವಾದರೆ ಕೆರೆಯಲ್ಲಿ ಮಲಗಿದ ಎಮ್ಮೆಯಂತೆ, ಎಷ್ಟು ಗಾಳಿ ಬಂದರೂ ಅಲುಗುತ್ತಿರಲಿಲ್ಲ. ಗೊಬ್ಬರದ ಚೀಲಗಳಿಗೆ ಮರಳು ತುಂಬಿ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಎಳೆದಾಡಿದ್ದೂ ಸಾಲದೆ, ಒಂದು ದಿನ ಅಡುಗೆಮನೆಯ ಗುಂಡುಕಲ್ಲನ್ನೇ ಹೊತ್ತು ತಂದ. ದೊಡ್ಡಮ್ಮ ಕೊಬ್ಬರಿ ಮೆತ್ತಿದ ಕೈಯಲ್ಲೇ ದಡಕ್ಕೆ ಬಂದು, “ಚಟ್ನೀನ ನಿಮ್ ತಲೆ ಮ್ಯಾಲೆ ಅರೀಲಾ?” ಎಂದಳು. ಕಲ್ಲು ಮನೆಗೆ ವಾಪಸಾಯಿತು. ಕೊನೆಗೆ ಆ ದೋಣಿಗೆ ಸರಿಹೊಂದಿದ್ದು ಅಣ್ಣತಮ್ಮಂದಿರ ಮೈಭಾರವೇ. ಚುಕ್ಕಾಣಿ ಹಿಡಿದು ದೊಡ್ಡಪ್ಪ ಎಡಕ್ಕೆ, ಹಾಯಿಯ ಹಗ್ಗ ಹಿಡಿದು ಅಪ್ಪ ಬಲಕ್ಕೆ, ನಡುಹಲಗೆಯ ಮೇಲೆ ನಾನು. ನಾನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಆದರೆ ಮಿಸುಕಿದರೆ ಮಾತ್ರ ಇಬ್ಬರೂ ಒಟ್ಟಿಗೆ ಗದರುತ್ತಿದ್ದರು. ಅಪ್ಪನೂ ದೊಡ್ಡಪ್ಪನೂ ಒಂದೇ ದನಿಯಲ್ಲಿ ಬೈಯುವುದು ನನಗೆ ಎಷ್ಟು ಇಷ್ಟವೆಂದರೆ, ಬೇಕೆಂದೇ ಮಿಸುಕುತ್ತಿದ್ದೆ.

ಆಮೇಲೆ ಅವರು ಮಾತು ಬಿಟ್ಟರು. ಅಪ್ಪ ಸಾಕಿ ಬೆಳೆಸಿದ್ದ ಜೋಡಿ ಎತ್ತನ್ನು ದೊಡ್ಡಪ್ಪ ಒಂದು ಮಾತೂ ಕೇಳದೆ ಮಾರಿ, ಟ್ರಾಕ್ಟರು ತಂದು ಅಂಗಳದಲ್ಲಿ ನಿಲ್ಲಿಸಿದ್ದ. ಅವತ್ತು ಅಪ್ಪ ಖಾಲಿ ಕೊಟ್ಟಿಗೆಯಲ್ಲೇ ಕೂತಿದ್ದ, ಉಣ್ಣಲು ಏಳಲಿಲ್ಲ. ಆದರೂ ಭಾನುವಾರ ಇಬ್ಬರೂ ದಡಕ್ಕೆ ಬರುತ್ತಿದ್ದರು. ಒಬ್ಬನೇ ಹತ್ತಿದರೆ ದೋಣಿ ವಾಲುತ್ತಿತ್ತಲ್ಲ! ಬಂದರೂ ಮಾತು ಮಾತ್ರ ನನ್ನ ಮೂಲಕವೇ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, “ನಿಮ್ಮಪ್ಪಂಗೆ ಒಂದ್ ಗೇಣು ಇಂದಕ್ಕೆ ಸರ್ಕೊಳಕ್ಕೇಳಮ್ಮಿ” ಎಂದು ಇವನು, “ಸರ್ಕೊಂಡಿವ್ನಿ ಅಂತೇಳು” ಎಂದು ಅವನು. ನಾನು ಒಂದಕ್ಷರ ಕೂಡಿಸದೆ, ಕಳೆಯದೆ ದಾಟಿಸುತ್ತಿದ್ದೆ. ನಗು ಬರುತ್ತಿತ್ತು, ಹಿಂದೆಯೇ ಅಳು. ನಾನು ಎದ್ದು ಹೋದರೆ ಇವರ ನಡುವೆ ಏನೂ ಉಳಿಯುವುದಿಲ್ಲ ಎಂದು ಯಾರೂ ಹೇಳದೆಯೇ ಗೊತ್ತಾಗಿತ್ತು. ಒಮ್ಮೆ ಆಷಾಢದ ಗಾಳಿ ಒಂದೇಟಿಗೆ ಬಡಿದು ದೋಣಿ ಮಗ್ಗುಲಾಯಿತು. ನನ್ನ ಕೈಲಿ ಹೇಳಿ ಕಳಿಸುವಷ್ಟು ಪುರಸೊತ್ತೆಲ್ಲಿ? ಇಬ್ಬರೂ ಒಟ್ಟಿಗೆ ಒಂದೇ ಕಡೆ ಹಾರಿ, ಹೆಗಲಿಗೆ ಹೆಗಲು ಕೊಟ್ಟು ಹಿಂದಕ್ಕೆ ಜೋತುಬಿದ್ದರು. ದೋಣಿ ನೆಟ್ಟಗಾಯಿತು. ಇನ್ನೇನು ಮಾತಾಡುತ್ತಾರೆ ಎಂದು ಕಾದೆ. ದಡ ಬಂತು. ಒಬ್ಬ ಗದ್ದೆ ಬದುವಿನ ದಾರಿ ಹಿಡಿದ, ಇನ್ನೊಬ್ಬ ಊರೊಳಗಿನ ದಾರಿ.

ಮುಂದಿನ ಸುಗ್ಗಿ ಕಳೆಯುತ್ತಲೇ ಪಾಲಾಯಿತು. ತೊಟ್ಟಿಮನೆಯ ನಡುವೆ ಗೋಡೆ ಎದ್ದಿತು. ಮಳೆ ನೀರು ಬೀಳುತ್ತಿದ್ದ ತೊಟ್ಟಿಯೂ ಎರಡು ಹೋಳಾಯಿತು. ದೊಡ್ಡಮ್ಮನ ಒಗ್ಗರಣೆಯ ವಾಸನೆ ಗೋಡೆ ಹತ್ತಿ ನಮ್ಮ ಕಡೆ ಬರುತ್ತಿತ್ತು, ನಾನು ಹೋಗುವಂತಿರಲಿಲ್ಲ. ದೋಣಿಯನ್ನು ಮಾತ್ರ ಇಬ್ಬರೂ ಬೇಡವೆಂದರು. ಅದು ದಡದಲ್ಲೇ ಬೋರಲಾಗಿ ಬಿದ್ದು, ಬಿರಿದು, ಯಾರ ಯಾರದೋ ನೀರೊಲೆಗೆ ಸೌದೆಯಾಯಿತು. ಈಗ ಆ ಮನೆಯೂ ಇಲ್ಲ. ಎರಡು ಆರ್‌ಸಿಸಿ ಮನೆಗಳು ಒಂದಕ್ಕೊಂದು ಬೆನ್ನು ಮಾಡಿ ನಿಂತಿವೆ. ಊರಿಗೆ ಹೋದಾಗ ನಾನು ಎರಡರಲ್ಲೂ ಹೆಚ್ಚು ಹೊತ್ತು ಕೂರಲಾರೆ. ಇಲ್ಲಿದ್ದರೆ ಅಲ್ಲಿಗೆ ಹೋಗಬೇಕೆನಿಸುತ್ತದೆ, ಅಲ್ಲಿದ್ದರೆ ಇಲ್ಲಿಗೆ.

ಹೋದ ವರ್ಷ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಒಂದು ಕಡೆಯ ಕೈಕಾಲಿನ ಜೊತೆ ಮಾತೂ ನಿಂತಿತು. ನಾಗಮಂಗಲದ ಆಚೆಯ ಆಸ್ಪತ್ರೆಗೆ ಅಪ್ಪನನ್ನು ನಾನೇ ಕರೆದುಕೊಂಡು ಹೋದೆ. ಅವನು ಬಾಗಿಲಲ್ಲಿ ನಿಂತ, ಕಿಟಕಿಗೆ ಹೋದ, ಮತ್ತೆ ಬಾಗಿಲಿಗೆ ಬಂದ. ನಾನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಕೊನೆಗೆ ನನ್ನ ಬೆನ್ನ ಹಿಂದಿನಿಂದಲೇ, “ಅಣ್ಣ” ಎಂದ. ಎಷ್ಟೋ ವರ್ಷದ ಮೇಲೆ ಅವನ ಬಾಯಲ್ಲಿ ಆ ಮಾತು. “ನಾಲೆಗೆ ನೀರ್ ಬುಟ್ಟವ್ರೆ ಅಣ್ಣ. ನಿನ್ ಗದ್ದೆಗೂ ನಾನೇ ತಿರುಗುಸ್ತೀನಿ. ಯೋಚ್ನೆ ಮಾಡ್ಬ್ಯಾಡ.” ದೊಡ್ಡಪ್ಪ ಬಾಯಿ ತೆರೆದ. ಗಂಟಲಲ್ಲಿ ಏನೋ ಗೊರಗೊರ ಅಂದಿತೇ ಹೊರತು ಮಾತು ಹೊರಡಲಿಲ್ಲ. ಅವನ ಕಣ್ಣು ನನ್ನ ಕಡೆ ತಿರುಗಿತು.

“ಏನಂತಾನಮ್ಮಿ?” ಎಂದ ಅಪ್ಪ.

“ಅತ್ರಕ್ಕೆ ಬಾ ಅಂತಾನೆ” ಎಂದೆ. ಎದ್ದು ಜಾಗ ಬಿಟ್ಟೆ.

ಅಪ್ಪ ಬಂದು ಮಂಚದ ಮೇಲೇ ಕೂತು, ಆ ಬಿದ್ದುಹೋದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಅಣ್ಣನ ಉಸಿರು ನಿಲ್ಲುವವರೆಗೂ ಅವನು ಆಸ್ಪತ್ರೆ ಬಿಟ್ಟು ಕದಲಲಿಲ್ಲ. ಈಗ ಊರಲ್ಲಿ ಯಾರಾದರೂ ವಿಚಾರಿಸಿದರೆ, “ನಾನಾಗೇ ಓಗ್ಲಿಲ್ಲ ಕಣ್ಲಾ, ನಮ್ಮಣ್ಣನೇ ಬಾ ಅಂದ” ಎಂದು ಹೇಳಿಕೊಳ್ಳುತ್ತಾನೆ. ಹೌದೇನಮ್ಮಿ ಎನ್ನುವಂತೆ ನನ್ನತ್ತ ನೋಡುತ್ತಾನೆ. ನಾನು ಹೌದೆನ್ನುತ್ತೇನೆ.