ಹೊಳೆ ಕಾಣುವ ಟೇಬಲ್

“ಅವರಿಗೆ ಹೇಗೂ ಕಾಣೂದಿಲ್ಲ ಅಲ್ವಾ ಮೇಡಂ, ಒಳಗಿನ ಟೇಬಲ್ಲಿಗೆ ಬರ್ತೀರಾ? ಹೊಳೆ ಕಾಣುವ ಜಾಗ ಬೇಕು ಅಂತ ಒಂದು ಫ್ಯಾಮಿಲಿ ಕಾಯ್ತಾ ಇದೆ.”

ಹೊನ್ನಾವರದ ಹೊಳೆ ದಂಡೆಯಲ್ಲಿ ಹೊಸದಾಗಿ ಶುರುವಾದ ರೆಸ್ಟೋರೆಂಟಿನ ಮ್ಯಾನೇಜರ್ ಹೀಗೆ ಕೇಳಿದ್ದು ನನ್ನ ತಂಗಿಯನ್ನು. ಕಣ್ಣು ಕಾಣದವಳು ನಾನು. ಭಾನುವಾರದ ಬ್ರಂಚಿಗೆಂದು ಕುಮಟಾದಿಂದ ತಂಗಿಯನ್ನು ಕರೆದುಕೊಂಡು ಹೋದವಳೂ, ಫೋನ್ ಮಾಡಿ ಕಿಟಕಿ ಪಕ್ಕದ ಟೇಬಲ್ಲನ್ನೇ ಹೇಳಿಟ್ಟವಳೂ ನಾನೇ. ನಮ್ಮ ತಿಂಡಿ ಆಗಷ್ಟೇ ಬಂದಿತ್ತು.

ತಂಗಿಯ ಕುರ್ಚಿ ಹಿಂದೆ ಸರಿದ ಸದ್ದಾಯಿತು. “ಏಳು ಅಕ್ಕ, ಹೋಗ್ವ. ಇಂಥವರ ಹತ್ರ ಎಂತ ತಿನ್ನೂದು?” ನಾನು ಅವಳ ಕೈ ಹಿಡಿದು ಕೂರಿಸಿದೆ. ನಾವು ಎದ್ದು ಹೋದರೆ ಅವನಿಗೆ ಬೇಕಾದದ್ದೇ ಆಗುತ್ತಿತ್ತು.

“ಟೇಬಲ್ ಹೇಳಿಟ್ಟವಳು ನಾನು. ಕೇಳೂದಿದ್ರೆ ನನ್ನನ್ನು ಕೇಳಿ. ನಾವು ಏಳೂದಿಲ್ಲ,” ಎಂದೆ.

ಅವನು ತಪ್ಪಾಯಿತು ಅನ್ನಲಿಲ್ಲ. “ಇವರು ಯಾಕೆ ಇಷ್ಟು ಸಿಟ್ಟು ಮಾಡ್ತಾರೆ?” ಎಂದು ಮತ್ತೆ ತಂಗಿಯನ್ನೇ ಕೇಳಿ ಹೋದ.

ಹೊಳೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಕೆಳಗೆ ದೋಣಿಯೊಂದು ಮೋಟಾರು ಹಚ್ಚಿಕೊಂಡು ದೂರ ಹೋಯಿತು. ನಾನು ಅಲ್ಲಿಗೆ ಬಂದದ್ದೇ ಈ ಗಾಳಿಗೆ, ಈ ಸದ್ದಿಗೆ. ಆದರೂ ಮುಂದೆ ತಿಂದ ಒಂದು ತುತ್ತೂ ರುಚಿಸಲಿಲ್ಲ. ತಟ್ಟೆ ಖಾಲಿಯಾಗುವವರೆಗೆ ಹಟಕ್ಕೆ ಕೂತು ತಿಂದೆವು, ಅಷ್ಟೆ.

ವಾರ ಕಳೆದರೂ ನನ್ನ ಸಿಟ್ಟು ಇಳಿದಿಲ್ಲ. ಕಣ್ಣಿದ್ದವರು ಆ ಟೇಬಲ್ಲಿನಲ್ಲಿ ಕೂತು ಹೊಳೆ ನೋಡಿದರೋ ಇಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ. ಅಲ್ಲಿ ಕೂರಲು ನಾನು ಮಾತ್ರ ಕಾರಣ ಕೊಡಬೇಕೇ?