ಬಾಳೆನಾರಿನ ಡಿಎನ್‌ಎ

ಪಿಯುಸಿ ಮುಗಿಸಿ ಬಳ್ಳಾರಿ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಓದಬೇಕೆಂದು ನಾನು ಹಟ ಹಿಡಿದಿದ್ದೆ. ಹೊಸಪೇಟೆಯ ಪೇಟೆಯಲ್ಲಿ ಹೂ ಕಟ್ಟಿ ಮಾರುತ್ತಿದ್ದ ಅವ್ವ ಸುತಾರಾಂ ಒಪ್ಪಲಿಲ್ಲ. ಕಣ್ಣೆದುರಿಗಿಲ್ಲದ ಮಗಳು ಏನು ಓದಿದರೇನು ಎಂಬುದು ಅವಳ ವಾದ. ಅಪ್ಪನನ್ನು ಕೇಳಿದರೆ, ನಿಮ್ಮವ್ವನನ್ನು ಕೇಳು ಎಂದು ಕಾಲುವೆ ಕಡೆ ನಡೆದುಬಿಡುತ್ತಿದ್ದ.

ಆ ವರ್ಷ ನಮ್ಮ ಪಿಯು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ನಾನು ಆಳೆತ್ತರದ ಡಿಎನ್‌ಎ ಮಾಡಿದೆ. ಬಂಡಿಯ ಹಗ್ಗಗಳೇ ಅದರ ಎರಡು ಎಳೆ. ನಡುವೆ ಏಣಿಯ ಮೆಟ್ಟಿಲಿನಂತೆ ಬಿದಿರು ಕಡ್ಡಿ, ಪ್ರತಿ ಮೆಟ್ಟಿಲೂ ಎರಡು ತುಂಡು, ಒಂದೊಂದರ ಮೇಲೂ ಎ, ಟಿ, ಜಿ, ಸಿ ಎಂಬ ಪ್ರತ್ಯಾಮ್ಲಗಳಲ್ಲೊಂದರ ಹೆಸರು. ಹಗ್ಗಕ್ಕೆ ತುಂಡುಗಳನ್ನು ತಂತಿಯಿಂದ ಬಿಗಿದೆ, ಅಲ್ಲಿಯ ಬಂಧ ಗಟ್ಟಿ. ಎರಡು ತುಂಡು ಕೂಡುವಲ್ಲಿರುವುದು ಜಲಜನಕ ಬಂಧ, ಬಲು ಮೆತ್ತಗಿನದು. ಅಲ್ಲಿಗೆ ಅವ್ವ ಹೂ ಕಟ್ಟುವ ಬಾಳೆನಾರು ಕದ್ದು, ಎ–ಟಿ ಜೋಡಿಗೆ ಎರಡೆಳೆ, ಜಿ–ಸಿ ಜೋಡಿಗೆ ಮೂರೆಳೆ ಸುತ್ತಿ, ಗಂಟು ಹಾಕದೆ ಬಿಟ್ಟೆ. ಮೇಲಿನಿಂದ ಎಳೆದರೆ ಸರಸರನೆ ಬಿಚ್ಚಿಕೊಳ್ಳಬೇಕು, ನನ್ನ ಗತ್ತೆಲ್ಲ ಅದರಲ್ಲೇ ಇತ್ತು.

ಪ್ರದರ್ಶನದ ದಿನ ಬೆಳಿಗ್ಗೆ ನಾನು ಜಳಕಕ್ಕೆ ಹೋದಾಗ ಅವ್ವ ಅದನ್ನು ನೋಡಿದಳು. ಸಡಿಲ ನಾರು! ಅವಳು ಕಟ್ಟಿದ ಮಾಲೆಯಿಂದ ಒಂದು ಮೊಗ್ಗು ಉದುರಿದ್ದನ್ನು ಯಾರೂ ಕಂಡಿಲ್ಲ. ಮಗಳ ಮರ್ಯಾದೆ ಹೋದೀತೆಂದು ನಾರು ನೆನೆಸಿ, ಒಂದೂ ಬಿಡದೆ ಬಿಗಿಯಾಗಿ ಗಂಟು ಹಾಕಿದಳು. ನನಗೊಂದು ಮಾತು ಹೇಳಲಿಲ್ಲ.

ಪ್ರದರ್ಶನದಲ್ಲಿ ಮೇಷ್ಟ್ರು ಬಿಚ್ಚಿ ತೋರಿಸು ಎಂದರು. ಎಳೆದೆ. ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಮತ್ತೆ ಎಳೆದರೆ ಅದನ್ನು ಕಟ್ಟಿ ನಿಲ್ಲಿಸಿದ್ದ ಮೇಜೇ ಬಂತು. ಮಲಪನಗುಡಿಯ ಹುಡುಗಿಯರು ಕಿಸಕ್ಕನೆ ನಕ್ಕರು. ಗಂಟು ನೋಡಿದ ಕೂಡಲೇ ಯಾರ ಕೈಚಳಕವೆಂದು ತಿಳಿಯಿತು. ಅವ್ವ ಹೊಸ ಸೀರೆ ಉಟ್ಟು ಹಿಂದೆಯೇ ನಿಂತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು.

"ಯಾಕ ಕಟ್ಟಿದಿ ಯವ್ವಾ? ಬಿಚ್ಚಿದ್ರನ ಒಂದು ಹೋಗಿ ಎರಡಾಗತೈತಿ. ಒಂದೊಂದು ಎಳಿನೂ ತನ್ನ ಜೋಡಿ ತಾನ ಮಾಡ್ಕೊಂತೈತಿ. ಹಿಂಗ ಬಿಗಿದ್ರ ಇದ್ದಲ್ಲೇ ಇರತೈತಿ."

ಮೇಷ್ಟ್ರು ಸಮಾಧಾನವಾಗಿ ಅದನ್ನೇ ಇನ್ನೊಮ್ಮೆ ಹೇಳಿದರು. ಒಂದೊಂದು ಬಂಧ ಬಡಕಲು, ಸಾವಿರಾರು ಸೇರಿದರೆ ಗಟ್ಟಿ, ಆದರೂ ಬೇಕಾದಾಗ ಬಿಚ್ಚಿಕೊಳ್ಳುತ್ತದೆ. ಅವ್ವ ಹೊಸ ಸೀರೆಯಲ್ಲೇ ನೆಲಕ್ಕೆ ಕುಳಿತು, ಉಗುರಿನಿಂದ, ಹಲ್ಲಿನಿಂದ ಒಂದೊಂದೇ ಗಂಟು ಬಿಚ್ಚತೊಡಗಿದಳು. ನಾನೂ ಕುಳಿತೆ. ಅರ್ಧ ಬಿಚ್ಚುವಷ್ಟರಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬಹುಮಾನ ಕಂಪ್ಲಿ ಹುಡುಗ ಮಾಡಿದ ಕಾಲುವೆ ತೂಬಿನ ಮಾದರಿಗೆ ಹೋಯಿತು. ಹೋಗಲಿ ಬಿಡಿ.

ಕೊನೆಯ ಗಂಟಿಗೆ ಬಂದಾಗ ಅವ್ವ ತಲೆ ಎತ್ತದೆ ಕೇಳಿದಳು:

"ಬಳ್ಳಾರಿ ಹಾಸ್ಟೆಲ್‌ನಾಗ ಹಾಸಿಗಿ ಅವರ ಕೊಡ್ತಾರೇನು, ನಾವ ಒಯ್ಬೇಕೇನು?"