ಎರಡು ಬಾಟಲಿ, ಒಂದೇ ಅಂಕಿ

ಆ ಬೂಟಿನ ಕಾರ್ಖಾನೆಯಲ್ಲಿ ದೊಡ್ಡಕ್ಕನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಹನ್ನೊಂದು ವರ್ಷದಿಂದ ಅವಳು ಮೇಲಿನ ಮಹಡಿಯ ಪ್ಯಾಕಿಂಗ್ ಕೋಣೆಯಲ್ಲಿ ಕೂತು, ಬೂಟಿನ ಮೂತಿಗೆ ಕಾಗದದ ಉಂಡೆ ತುರುಕಿ, ಜೋಡಿಯನ್ನು ಡಬ್ಬಿಯಲ್ಲಿ ಮಲಗಿಸಿ ಮುಚ್ಚಳ ಹಾಕುತ್ತಿದ್ದಳು. ಕೆಲಸಕ್ಕೆ ಕೈ ಹಾಕುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚಿ ಕೂರುವುದು ಅವಳ ರೂಢಿ. ಏನು ಬೇಡಿಕೊಂಡೆ ಎಂದು ಪಕ್ಕದವರು ಕೆಣಕಿದರೆ, ಕೈಕಾಲು ಗಟ್ಟಿಯಾಗಿರಲಿ ಅಂತ, ಇನ್ನೇನು ಎಂದು ನಗುತ್ತಿದ್ದಳು.

ಕಿಟಕಿ ಪಕ್ಕದ ಸ್ಟೂಲು ಅವಳದು. ಚಳಿಯ ದಿನಗಳಲ್ಲಿ ಆ ಕಿಟಕಿಯಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ಎಷ್ಟು ಜನ ಆ ಜಾಗದ ಮೇಲೆ ಕಣ್ಣು ಹಾಕಿದರೂ ಅವಳು ಬಿಟ್ಟುಕೊಟ್ಟಿರಲಿಲ್ಲ. ಸಂಜೆ ಹೊತ್ತಿಗೆ ತಲೆ ಸಿಡಿಯುತ್ತಿತ್ತು, ನಿಜ. ಅದಕ್ಕೆ ಹಳೆಯ ಕನ್ನಡಕವನ್ನು ಬೈದುಕೊಂಡು ಸುಮ್ಮನಾಗುತ್ತಿದ್ದಳು.

ತಂಗಿ ಇದ್ದದ್ದು ಕೆಳಗೆ, ಅಂಟಿನ ಕೋಣೆಯಲ್ಲಿ. ಬ್ರಷ್ಷಿನಿಂದ ಅಟ್ಟೆಗೆ ಅಂಟು ಸವರಿ, ಆರುವ ತನಕ ಕಾದು, ಬೂಟಿನ ತಳಕ್ಕೆ ಒತ್ತುವುದು ಅವಳ ಕೆಲಸ. ತಾಯಿ ಸತ್ತ ಮೇಲೆ ಅವಳ ತಲೆ ಬಾಚಿ, ಜಡೆ ಹಾಕಿ ಬೆಳೆಸಿದವಳು ದೊಡ್ಡಕ್ಕನೇ. ಈಗ ತಂಗಿಗೆ ಮೂರು ತಿಂಗಳು. ಹೋದ ವರ್ಷದ ಬಸಿರು ನಿಂತಿರಲಿಲ್ಲವಾದ್ದರಿಂದ, ಈ ಸಲ ಗಂಡನನ್ನೂ ಅಕ್ಕನನ್ನೂ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಕೆಲಸದವರ ಆರೋಗ್ಯ ತಪಾಸಣೆಗೆಂದು ನರ್ಸಮ್ಮ ಬಂದಳು. ಈ ವರ್ಷ ಮೊದಲ ಬಾರಿಗೆ ಎಲ್ಲರ ಮೂತ್ರ ಪರೀಕ್ಷೆ, ಪ್ಯಾಕಿಂಗ್‌ನವರದ್ದೂ ಸೇರಿ. ಅಂಟಿನ ಆವಿ ಉಸಿರಿನ ಜೊತೆ ಒಳಗೆ ಹೋದರೆ ದೇಹ ಅದನ್ನು ಬೇರೆ ರೂಪಕ್ಕೆ ತಿರುಗಿಸಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ, ಆ ಗುರುತನ್ನು ಅಳೆದರೆ ಎಷ್ಟು ಆವಿ ಕುಡಿದಿದ್ದೀರಿ ಅಂತ ತಿಳಿಯುತ್ತದೆ ಎಂದು ಅವಳು ಬಿಡಿಸಿ ಹೇಳಿದಳು. ಒಂದೆರಡು ದಿನ ಕಳೆದರೆ ಗುರುತು ಅಳಿಸಿಹೋಗುವುದರಿಂದ, ವಾರದ ಕೊನೆಯ ದಿನ, ಕೆಲಸ ಮುಗಿಯುವ ಹೊತ್ತಿಗೇ ಬಾಟಲಿ ತುಂಬಿಸಬೇಕು ಎಂದಳು.

ಅಂಟಿನ ಕೋಣೆಯ ಹೆಂಗಸರು ಹೆದರಿಕೆಯನ್ನು ತಮಾಷೆ ಮಾಡಿ ಮುಚ್ಚಿಕೊಂಡರು. ಹಿಂದಿನ ಬೀದಿಯ ಬಣ್ಣದ ಕಾರ್ಖಾನೆಯಲ್ಲಿ ಅಂಕಿ ಜಾಸ್ತಿ ಬಂದವನೊಬ್ಬ ಮಾರನೇ ವಾರ ಕಾಣಲೇ ಇಲ್ಲವೆಂಬ ಸುದ್ದಿ ಎಲ್ಲರಿಗೂ ಗೊತ್ತಿತ್ತು. "ಮೇಲಿನೋರನ್ನ ಕೇಳ್ರೇ," ಎಂದಳು ಹಿರಿಯಳೊಬ್ಬಳು. "ಅಂಟು ಮುಟ್ಟದೋರು. ಪ್ಯಾಕಿಂಗ್‌ನೋರದ್ದು ಪನ್ನೀರು."

ತಂಗಿ ನಗಲಿಲ್ಲ. ಕೈತೊಳೆಯುವ ಜಾಗದಲ್ಲಿ ಅಕ್ಕನ ಸೆರಗು ಹಿಡಿದು ನಿಂತಳು.

"ಅಂಕಿ ಜಾಸ್ತಿ ಬಂದ್ರೆ ಇದೂ ಹೋದಂಗೇ ಅಲ್ವಾ ಅಕ್ಕಾ? ಅದನ್ನ ಕಾಗದದಲ್ಲಿ ಓದೋಕೆ ನನ್ ಕೈಲಾಗಲ್ಲ."

ಈ ಹುಡುಗಿ ಆರು ತಿಂಗಳು ನಿದ್ದೆಯಿಲ್ಲದೆ ಕಳೆಯುವುದಕ್ಕಿಂತ ಒಂದು ಒಳ್ಳೆಯ ಕಾಗದ ಕೈಯಲ್ಲಿ ಹಿಡಿದಿರಲಿ ಎಂದು ದೊಡ್ಡಕ್ಕನಿಗೆ ಅನ್ನಿಸಿತು. ಹೆಚ್ಚು ಯೋಚಿಸಲಿಲ್ಲ. ಆ ಸಂಜೆ ತಂಗಿಯ ಕೈಯಿಂದ ಅವಳ ಬಾಟಲಿಯನ್ನೂ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು, ಎರಡನ್ನೂ ತಾನೇ ತುಂಬಿಸಿದಳು. ಒಂದರ ಮೇಲೆ ತನ್ನ ಹೆಸರಿನ ಚೀಟಿ, ಇನ್ನೊಂದರ ಮೇಲೆ ತಂಗಿಯದು. ದೇವರೇ, ಇದು ಸುಳ್ಳೋ ಪ್ರೀತಿಯೋ ನೀನೇ ನೋಡಿಕೋ ಎಂದುಕೊಂಡಳು.

ಹನ್ನೆರಡು ದಿನ ಕಳೆದು ನರ್ಸಮ್ಮ ಅಕ್ಕತಂಗಿಯರಿಬ್ಬರನ್ನೂ ಒಟ್ಟಿಗೇ ಕರೆಸಿದಳು. ಉಗ್ರಾಣದ ಪಕ್ಕದ ಚಿಕ್ಕ ಕೋಣೆ, ಒಂದು ಮೇಜು, ಎರಡು ಕಾಗದ. ತಂಗಿಯ ಹೆಸರಿನ ಮುಂದೆ ಕೆಂಪು ಗೆರೆ. ಇರಬೇಕಾದ್ದಕ್ಕಿಂತ ಸುಮಾರು ಎರಡರಷ್ಟು ಎಂದಳು. ತಂಗಿ ಗೋಡೆಗೆ ಒರಗಿದಳು. ಅಕ್ಕ ಮಾಡಿದ ಕೆಲಸ ಗೊತ್ತಿದ್ದೂ ಅವಳಿಗೆ ಆ ಗಳಿಗೆಯಲ್ಲಿ ಅದು ತನ್ನದೇ ಅಂಕಿ ಅನ್ನಿಸಿಬಿಟ್ಟಿತ್ತು.

ನರ್ಸಮ್ಮ ಎರಡನೇ ಕಾಗದವನ್ನು ಮೊದಲನೆಯದರ ಪಕ್ಕ ಇಟ್ಟಳು. ಅದರಲ್ಲೂ ಕೆಂಪು ಗೆರೆ.

"ಇದು ನಿಮ್ದು. ಎರಡ್ರಲ್ಲೂ ಒಂದೇ ಅಂಕಿ, ಚುಕ್ಕಿ ಸಮೇತ. ಅದ್ಹೇಗಮ್ಮ?"

ಅದು ಹೇಗೆ ಎಂದು ದೊಡ್ಡಕ್ಕನಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅಂಟಿನ ಡಬ್ಬ ಮುಟ್ಟದ ತನ್ನೊಳಗೆ ಅದು ಎಲ್ಲಿಂದ ಬಂತು? ನರ್ಸಮ್ಮ ಅವಳು ಎಲ್ಲಿ ಕೂರುತ್ತಾಳೆಂದು ಕೇಳಿದಳು. ಕಿಟಕಿ ಪಕ್ಕ ಎಂದಳು. ಕಿಟಕಿಯ ಕೆಳಗೇನಿದೆ ಎಂದು ಕೇಳಿದಾಗ ದೊಡ್ಡಕ್ಕನಿಗೆ ಹೊಳೆಯಿತು. ಕೆಳಗಿನ ಕೋಣೆಯ ಆವಿಯನ್ನು ಎಳೆದು ಹೊರಗೆ ಬಿಡುವ ಫ್ಯಾನಿನ ಕೊಳವೆಯ ಬಾಯಿ ಇದ್ದದ್ದು ಅಲ್ಲೇ. ಚಳಿಗಾಲದ ಆ ಬೆಚ್ಚನೆಯ ಗಾಳಿ ಅದರದೇ.

ಪ್ಯಾಕಿಂಗ್‌ನವರ ಪನ್ನೀರೇ ಹೀಗಿದ್ದರೆ, ಬ್ರಷ್ಷು ಹಿಡಿದು ಇಡೀ ದಿನ ಡಬ್ಬದ ಮೇಲೆ ಬಗ್ಗುವವಳದು?

ಈ ಲೆಕ್ಕ ತಂಗಿಗೆ ಹೊಳೆಯುವ ಮುಂಚೆ ಸುಮ್ಮನಿದ್ದುಬಿಡೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ತಂಗಿ ಆಗಲೇ ಅವಳ ಮುಖವನ್ನೇ ನೋಡುತ್ತಿದ್ದಳು. ದೊಡ್ಡಕ್ಕ ಎಲ್ಲವನ್ನೂ ಹೇಳಿದಳು. ಎರಡು ಬಾಟಲಿಯ ವಿಷಯ ಹೇಳಿದಳು. ಮೂರು ತಿಂಗಳ ವಿಷಯಕ್ಕೆ ಬಂದಾಗ ತಂಗಿಯ ಕಡೆ ನೋಡಿದಳು. ಅದನ್ನು ತಂಗಿಯೇ ಹೇಳಿದಳು.

ನರ್ಸಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಖಾಲಿ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟಳು. ನಾಳೆಯಿಂದ ತಂಗಿ ಅಂಟಿನ ಕೋಣೆಗೆ ಕಾಲಿಡಬಾರದು, ಮೇಸ್ತ್ರಿಯ ಹತ್ತಿರ ತಾನೇ ಮಾತಾಡುತ್ತೇನೆ ಎಂದಳು. "ಈ ಅಂಕಿ ನೀವು ಎಷ್ಟು ಉಸಿರಾಡಿದ್ರಿ ಅಂತ ಹೇಳುತ್ತೆ. ಮಗು ಹೇಗಿದೆ ಅಂತ ಹೇಳಲ್ಲ. ಅದಕ್ಕೆ ಡಾಕ್ಟ್ರ ಹತ್ರ ಹೋಗ್ಬೇಕು. ಆದ್ರೆ ಅವ್ರು ಕೇಳೋದು ನಿಜವಾದ ಅಂಕೀನೇ. ಇವತ್ತೇ ಕೆಲಸ ಮುಗಿಯೋ ಹೊತ್ತಿಗೆ ಕೊಡಿ, ನಾಳೆಯಿಂದ ಗುರುತು ಅಳಿಸೋಕೆ ಶುರುವಾಗುತ್ತೆ."

ಸಂಜೆಯ ಗಂಟೆ ಹೊಡೆಯಲು ಇನ್ನೂ ಎರಡು ತಾಸಿತ್ತು. ದೊಡ್ಡಕ್ಕ ಮೇಲೆ ಹೋಗಿ ಕಿಟಕಿ ಮುಚ್ಚಿದಳು, ಸ್ಟೂಲನ್ನು ದೂರ ಎಳೆದಳು. ಆಳವಾಗಿ ಉಸಿರೆಳೆದು ನೋಡಿದಳು. ಏನೂ ವಾಸನೆ ಇರಲಿಲ್ಲ. ಹೊಸದಾಗಿ ಸೇರಿದ ಪಕ್ಕದ ಹೆಂಗಸು ಮಾತ್ರ ಮೂಗಿಗೆ ಸೆರಗು ಒತ್ತಿಕೊಂಡೇ ಕೂತಿದ್ದಳು. ತನ್ನ ಮೂಗಿಗೆ ಅದು ಎಂದೋ ರೂಢಿಯಾಗಿಹೋಗಿತ್ತೆಂದು ದೊಡ್ಡಕ್ಕನಿಗೆ ಆಗ ತಿಳಿಯಿತು.

ಗಂಟೆ ಹೊಡೆದ ಮೇಲೆ ಕೆಳಗಿಳಿದಳು. ತಂಗಿ ಕಕ್ಕಸಿನ ಬಾಗಿಲ ಬಳಿ ಬಾಟಲಿ ಹಿಡಿದು ಕಾಯುತ್ತಿದ್ದಳು.

"ನೀನೂ ಬಾ ಅಕ್ಕಾ."

"ಇಲ್ಲ ಕಣೇ. ಇದು ನಿಂದೇ ಆಗಿರ್ಲಿ."

ಬಾಗಿಲು ಹಾಕಿಕೊಂಡಿತು. ದೊಡ್ಡಕ್ಕ ಅದಕ್ಕೆ ಬೆನ್ನು ಕೊಟ್ಟು ನಿಂತು ಕಣ್ಣು ಮುಚ್ಚಿದಳು. ಬೇಡಿಕೊಳ್ಳಲು ಮಾತು ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ತಂಗಿ ಹೊರಗೆ ಬಂದು, ಇನ್ನೂ ಬೆಚ್ಚಗಿದ್ದ ಬಾಟಲಿಯನ್ನು ಅವಳ ಕೈಗಿಟ್ಟಳು. ದೊಡ್ಡಕ್ಕ ಅದನ್ನು ದೀಪದ ಬೆಳಕಿಗೆ ಹಿಡಿದು ನೋಡಿದಳು. ತನ್ನದರ ಹಾಗೆಯೇ ಇತ್ತು, ತಿಳಿ ಹಳದಿ, ಒಂದು ಕಸವೂ ಇಲ್ಲ.